ಬೀಜದ ಜಾತಕ ಬರೆಯುವವರು ಯಾರು?

(ಕೆದಂಬಾಡಿಯಲ್ಲಿ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹಿಂದಿನವರು ಏಣೇಲಿನ ಬಿತ್ತನ್ನು ಬೈಹುಲ್ಲಿನ ಮುಡಿ ಕಟ್ಟಿ ಅಟ್ಟದಲ್ಲಿ ಇರಿಸುತ್ತಿದ್ದರು. ಯಾವ ಮುಡಿಯಲ್ಲಿ ಯಾವ ತಳಿಯಿದೆ, ಅದು ಯಾವ ಗದ್ದೆಗೆ ಸಲ್ಲುತ್ತದೆ, ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತದೆ ಎಂಬುದೆಲ್ಲ ಮನೆಯ ಹಿರಿಯರ ನೆನಪಿನಲ್ಲಿರುತ್ತಿತ್ತು. ಬೀಜವೂ ಬೀಜದ ಮಾಹಿತಿಯೂ ಒಂದೇ ಸೂರಿನಡಿ ಇದ್ದವು. ಇಂದು ಅವೆರಡೂ ಅಗಲಿವೆ. ಈ ಅಗಲಿಕೆ ನಮಗೆ ಏನು ಮಾಡಬಹುದು ಎಂಬುದೇ ಇಂದಿನ ಮಾತಿನ ವಿಷಯ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರ, ಅಂದರೆ ಇಂದಿನ ಗೇರು ಸಂಶೋಧನಾ ನಿರ್ದೇಶನಾಲಯ, ದೇಶದ ನಾನಾ ಭಾಗಗಳ ಗೇರು ತಳಿಗಳನ್ನು ತೋಟದಲ್ಲಿ ಕಾಪಾಡುತ್ತಿದೆ. ಕಡಬ ತಾಲೂಕಿನ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ತೆಂಗು ತಳಿ ಸಂಗ್ರಹವಿದೆ. ತೆಂಗಿನಕಾಯಿಯನ್ನು ಭತ್ತದಂತೆ ಒಣಗಿಸಿ ಶೀತಲಕೋಣೆಯಲ್ಲಿ ಇಡಲಾಗದು, ಮರವಾಗಿಯೇ ಉಳಿಸಬೇಕು. ಪ್ರತಿ ತಳಿಗೂ ಒಂದು ಸಂಖ್ಯೆ, ಸಂಖ್ಯೆಗೊಂದು ದಾಖಲೆ. 1992ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ತೆಂಗು ತಳಿ ಜಾಲವು ಹಲವು ದೇಶಗಳ ಇಂಥ ದಾಖಲೆಗಳನ್ನು ಒಂದೇ ಮಾಹಿತಿಕೋಶಕ್ಕೆ, ಅಂದರೆ ಡೇಟಾಬೇಸಿಗೆ, ತಂದಿದೆ.

ಭತ್ತದಲ್ಲಿ ಈ ಕೆಲಸ ಇನ್ನೂ ಮುಂದೆ ಸಾಗಿದೆ. 89 ದೇಶಗಳ ಸುಮಾರು 3,000 ಭತ್ತದ ತಳಿಗಳ ವಂಶವಾಹಿ ಮಾಹಿತಿಯನ್ನು 2014ರಲ್ಲಿ ಎಲ್ಲರಿಗೂ ಮುಕ್ತಗೊಳಿಸಲಾಯಿತು. ಇದರಿಂದ ಲೋಕಕ್ಕೆ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ಒಡಿಶಾದ ಹಳೆಯ ತಳಿಯಿಂದ ಆಯ್ದ ಎಫ್‌ಆರ್ 13ಎ ಎಂಬ ಭತ್ತ ನೆರೆನೀರಿನಲ್ಲಿ ಎರಡು ವಾರ ಮುಳುಗಿದರೂ ಬದುಕಬಲ್ಲದು. ಆ ಗುಣಕ್ಕೆ ಕಾರಣವಾದ ವಂಶವಾಹಿಯನ್ನು 2006ರಲ್ಲಿ ಗುರುತಿಸಲಾಯಿತು. ಅದೇ ಗುಣವನ್ನು ಪಡೆದ ಸ್ವರ್ಣ-ಸಬ್ 1 ತಳಿ 2009ರಲ್ಲಿ ನಮ್ಮ ರೈತರಿಗೆ ದೊರೆಯಿತು. ಜ್ಞಾನವನ್ನು ಹಂಚಿಕೊಂಡರೆ ಅನ್ನ ಹೆಚ್ಚುತ್ತದೆ ಎಂಬುದು ನಿಜ.

ಆದರೆ ಆ ಹಳೆಯ ತಳಿಯನ್ನು ನೆರೆಯ ಗದ್ದೆಯಲ್ಲಿ ತಲೆತಲಾಂತರದಿಂದ ಆಯ್ದು ಉಳಿಸಿದವರ ಹೆಸರು ಯಾವ ದಾಖಲೆಯಲ್ಲಿದೆ? 1992ರ ಜೀವವೈವಿಧ್ಯ ಒಪ್ಪಂದದ ಪ್ರಕಾರ ಬೀಜ ಒಯ್ಯುವವರು ಬೀಜದ ದೇಶವನ್ನು ಕೇಳಬೇಕು, ಲಾಭವನ್ನು ಹಂಚಿಕೊಳ್ಳಬೇಕು. ಈಗ ಎಷ್ಟೋ ಸಂಶೋಧನೆಗೆ ಬೀಜವನ್ನೇ ಒಯ್ಯಬೇಕಾಗಿಲ್ಲ. ಗಣಕದಲ್ಲಿರುವ ಅಕ್ಷರಮಾಲೆ ಸಾಕು. ಅಕ್ಷರಮಾಲೆಗೆ ಗಡಿಯೂ ಇಲ್ಲ, ಕಾವಲೂ ಇಲ್ಲ. ಈ ಕೊರತೆಯನ್ನು ತುಂಬಲೆಂದು 2025ರ ಫೆಬ್ರವರಿಯಲ್ಲಿ ಕಾಲಿ ನಿಧಿ ಆರಂಭವಾಯಿತು. ಇಂಥ ಮಾಹಿತಿಯಿಂದ ಲಾಭ ಗಳಿಸುವ ದೊಡ್ಡ ಕಂಪೆನಿಗಳು ಅದಕ್ಕೆ ಪಾಲು ಕೊಡಬೇಕೆಂಬುದು ಆಶಯ. ಆದರೆ ಕೊಡುವುದು ಅವುಗಳ ಇಚ್ಛೆಗೆ ಬಿಟ್ಟದ್ದು.

ಹಾಗಾದರೆ ನಾವು ಮಾಡಬೇಕಾದುದೇನು? ನಮ್ಮ ದೇಶದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಒಂದು ಅವಕಾಶವಿದೆ. ನೋಂದಣಿಯಾದ ತಳಿಯೊಂದರ ವಿಕಾಸದಲ್ಲಿ ಒಂದು ಗ್ರಾಮದ ಜನರ ಕೊಡುಗೆಯಿದ್ದರೆ, ಅವರ ಪರವಾಗಿ ಹಕ್ಕು ಮಂಡಿಸಬಹುದು. ಹಕ್ಕು ಮಂಡಿಸಲು ಪುರಾವೆ ಬೇಕು. ಬಾಯಿಮಾತು ಪುರಾವೆಯಾಗಿ ನಿಲ್ಲುವುದು ಕಷ್ಟ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ಪುಸ್ತಕವೇ ನಮ್ಮೂರಿನ ಮಾಹಿತಿಕೋಶ. ಅದು ಕಪಾಟಿನಲ್ಲಿ ಧೂಳು ಹಿಡಿಯಬಾರದು.

ನೆರೆಯ ಕಾಸರಗೋಡಿನ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಎಲ್ಲರೂ ಅಷ್ಟು ಮಾಡಲಾರರು. ಆದರೆ ವಿದ್ಯಾರ್ಥಿ ಮಿತ್ರರೇ, ನೀವು ಒಂದೊಂದು ಮನೆಗೆ ಹೋಗಿ ಅಜ್ಜಿಯ ಬಳಿ ಕುಳಿತು ಬರೆದುಕೊಳ್ಳಬಹುದು: ತಳಿಯ ಹೆಸರು, ಬೀಜ ಬಂದ ಊರು, ಬಿತ್ತುವ ಕಾಲ, ಗುಣ, ಕಾಪಾಡಿದವರು, ಬರೆದ ದಿನಾಂಕ. ಮನೆಯವರು ಗುಟ್ಟಾಗಿಟ್ಟ ಮದ್ದಿನ ಅರಿವನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬೇಡಿ. ಗುಣವನ್ನು ಲೋಕಕ್ಕೆ ಹೇಳೋಣ. ಊರಿನ ಹೆಸರನ್ನು ಅದರೊಡನೆ ಕಳುಹಿಸೋಣ.

ಅಜ್ಜಿಯ ನೆನಪಿಗೆ ಪ್ರತಿಯಿಲ್ಲ. ಈ ಮಳೆಗಾಲಕ್ಕೆ ಮುನ್ನವೇ ಬರೆಯಲು ತೊಡಗೋಣ.