ಸಾಲ್ಡರಿಂಗ್ ಐರನ್ ಕೊಳ್ಳುವ ಮುನ್ನ



ಹೋಟೆಲಿನ ಬಾಗಿಲು ಹಾಕಿದ ಮೇಲೆ ಮೊಬೈಲು ರಿಪೇರಿ ಕಲಿಯಲು ಬರುವ ಹುಡುಗರು ಮೊದಲು ಕೇಳುವುದೇ ಇದು: "ಅಣ್ಣಾ, ಚೀಲದಲ್ಲಿ ಒಯ್ಯುವಂಥ ಸಾಲ್ಡರಿಂಗ್ ಐರನ್ ಯಾವುದು ತರಲಿ?"

ನಾವು ಮೊದಲು ತಂದದ್ದು ಅಗ್ಗದ್ದು. ಅದರ ಕಾವಿಗೆ ಲಗಾಮೇ ಇರಲಿಲ್ಲ. ಗಿರಾಕಿಯೊಬ್ಬರ ಬೋರ್ಡಿನ ತಾಮ್ರದ ಪಟ್ಟಿ ಎದ್ದು ಬಂತು. ವಾರದ ಸಂಬಳ ದಂಡಕ್ಕೆ ಹೋಯಿತು.

ತವರ 63, ಸೀಸ 37 ಪಾಲಿನ ಬೆಸುಗೆ ತಂತಿ 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ್ದಕ್ಕೆ 217ರ ಮೇಲೆ ಬೇಕು. ಐರನ್ನಿನ ತುದಿ 320ರಿಂದ 350ರಲ್ಲಿ ನಿಂತರೆ ಸಾಕು. ನಿಲ್ಲುವುದೇ ಮುಖ್ಯ. ದೋಸೆ ಕಾವಲಿಯ ಮುಂದೆ ಬೆವರಿದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ: ಕಾವಲಿ ಕಾದರೆ ಸಾಲದು, ಹಿಟ್ಟು ಬಿದ್ದ ಮೇಲೂ ಕಾವು ಉಳಿಯಬೇಕು.

ಪೈನ್‌ಸಿಲ್‌ನಂಥ ಐರನ್ನಿನಲ್ಲಿ ಕಾಯಿಸುವ ತಂತಿಯೂ ಕಾವು ಅಳೆಯುವ ಸಾಧನವೂ ತುದಿಯೊಳಗೇ ಇವೆ. ಆದುದರಿಂದ ತಣ್ಣಗಾದ ತುದಿ ಬೇಗ ಮತ್ತೆ ಕಾವಿಗೇರುತ್ತದೆ. ಆದರೆ ಅದರ ಬಲವೆಲ್ಲ ಚಾರ್ಜರಿನಿಂದ ಬರುವುದು. ಹಳೆಯ ಫೋನಿನ 5 ವೋಲ್ಟ್ ಚಾರ್ಜರು ಕೆಲಸಕ್ಕೆ ಬಾರದು. 20 ವೋಲ್ಟ್ ಕೊಡುವ 65 ವಾಟಿನ ಪಿ.ಡಿ. ಚಾರ್ಜರು ಬೇಕು. ಅದರ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ತುದಿ ಬಿಡಿಯಾಗಿ ಸಿಗುವುದೇ ಎಂದು ಲ್ಯಾಮಿಂಗ್ಟನ್ ರೋಡಿನಲ್ಲಿ ಮೊದಲೇ ವಿಚಾರಿಸಿ. ಸಿಗದಿದ್ದರೆ ತಿರುಗಿ ಬನ್ನಿ.

ಗ್ಯಾಸಿನ ಐರನ್‌ಗೆ ವಯರು ಬೇಡ, ನಿಜ. ಹತ್ತು ಜನ ಮಲಗುವ ಖೋಲಿಗೆ ಅದು ಬೇಡವೇ ಬೇಡ. ಬರೀ ಮಿಕ್ಸರಿನ ತಂತಿ ಕೂಡಿಸುವವರಿಗೆ 25 ವಾಟಿನ ಹಳೇ ಐರನ್ನೇ ಸಾಕು, ಸಾಲ ಮಾಡಬೇಡಿ.

ಬರುವ ಶನಿವಾರ ನಿಮ್ಮಲ್ಲಿರುವ ಚಾರ್ಜರುಗಳನ್ನು ತನ್ನಿ. ಅವುಗಳ ಮೇಲಿನ ಸಣ್ಣ ಅಕ್ಷರಗಳನ್ನು ಕೂಡಿ ಓದೋಣ.