ಗಡಿ ದಾಟಿದ ಬೆಳ್ಳಿತೆರೆ: 1933ರ ನಂತರದ ಕಲಾವಿದರ ವಲಸೆ

ಸಿನಿಮಾದ ಚರಿತ್ರೆಯನ್ನು ದೇಶವಾರು ವಿಂಗಡಿಸಿ, ಜರ್ಮನಿಯದು ಬೇರೆ, ಹಾಲಿವುಡ್ಡಿನದು ಬೇರೆ, ಭಾರತದ್ದು ಬೇರೆ ಎಂದು ಬರೆಯುವುದು ರೂಢಿಯಲ್ಲಿದೆ. ಅಭ್ಯಾಸಕ್ಕೆ ಅನುಕೂಲವಾದ ಈ ವಿಂಗಡಣೆ 1933ರ ನಂತರದ ಹನ್ನೆರಡು ವರ್ಷಗಳಿಗೆ ಮಾತ್ರ ಹೊಂದುವುದಿಲ್ಲ. ಏಕೆಂದರೆ ಆ ಅವಧಿಯಲ್ಲಿ ಮಧ್ಯ ಯುರೋಪಿನ ನೂರಾರು ನಟರು, ನಿರ್ದೇಶಕರು, ಸಂಗೀತಗಾರರು ನಾಡು ತೊರೆದು ಪ್ಯಾರಿಸ್, ಲಂಡನ್, ಲಾಸ್ ಏಂಜಲೀಸ್, ಮುಂಬಯಿಗಳಲ್ಲಿ ನೆಲೆ ಹುಡುಕಿದರು ಮತ್ತು ಹೋದ ಕಡೆಯ ಕಲೆಯ ಚಹರೆಯನ್ನೇ ಬದಲಿಸಿದರು. ಒಂದೇ ಕಾರಣಕ್ಕೆ ಹೊರಬಿದ್ದ ಇವರೆಲ್ಲರ ವೃತ್ತಿಜೀವನ ಒಂದೇ ಹಾದಿಯಲ್ಲಿ ಸಾಗಲಿಲ್ಲ. ಸಂಗೀತಗಾರನ ವಿದ್ಯೆ ಗಡಿಯಾಚೆಗೂ ಹಾಗೆಯೇ ನಡೆಯಿತು, ನಿರ್ದೇಶಕ ಹೊಸ ಭಾಷೆ ಕಲಿತು ಮತ್ತೆ ತಲೆ ಎತ್ತಿದ, ಆದರೆ ಮಾತನ್ನೇ ಬಂಡವಾಳ ಮಾಡಿಕೊಂಡಿದ್ದ ನಟ ಕಸುಬಿನ ಅರ್ಧವನ್ನು ಹುಟ್ಟೂರಿನಲ್ಲೇ ಬಿಟ್ಟು ಹೊರಡಬೇಕಾಯಿತು. ಈ ಮೂರು ಬಗೆಯ ಬದುಕುಗಳ ಚರಿತ್ರೆಯನ್ನು ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಮೊದಲ ಮಹಾಯುದ್ಧದ ನಂತರದ ಬರ್ಲಿನ್ ನಗರ ಹಾಲಿವುಡ್ಡಿಗೆ ಸರಿಸಾಟಿಯಾಗಿ ನಿಲ್ಲಬಲ್ಲ ಚಲನಚಿತ್ರ ಕೇಂದ್ರವಾಗಿತ್ತು. 1917ರಲ್ಲಿ ಸ್ಥಾಪನೆಯಾದ ಉಫಾ ಎಂಬ ಸಂಸ್ಥೆ ನಗರದ ಹೊರವಲಯದ ಬಾಬೆಲ್ಸ್‌ಬರ್ಗ್‌ನಲ್ಲಿ ಬೃಹತ್ ಸ್ಟುಡಿಯೋಗಳನ್ನು ನಡೆಸುತ್ತಿತ್ತು. 1920ರ 'ಡಾಕ್ಟರ್ ಕ್ಯಾಲಿಗರಿಯ ಕೋಣೆ' ಎಂಬ ಚಿತ್ರ ಅಭಿವ್ಯಕ್ತಿವಾದವನ್ನು, ಎಂದರೆ ಹೊರಗಿನ ಜಗತ್ತನ್ನು ಇದ್ದಂತೆ ತೋರಿಸದೆ ಪಾತ್ರದ ಮನಸ್ಸಿನ ಭಯ ಮತ್ತು ಉದ್ವೇಗಗಳನ್ನು ಓರೆಯಾದ ಗೋಡೆಗಳು, ದಟ್ಟವಾದ ನೆರಳುಗಳ ಮೂಲಕ ಕಾಣಿಸುವ ಶೈಲಿಯನ್ನು, ತೆರೆಗೆ ತಂದಿತು. ಅದರಲ್ಲಿ ನಿದ್ರೆಯಲ್ಲಿ ನಡೆಯುವ ಕೊಲೆಗಾರನಾಗಿ ನಟಿಸಿದ ಕಾನ್ರಾಡ್ ಫೈಟ್ ಯುರೋಪಿನಾದ್ಯಂತ ಹೆಸರಾದರು. ವಿಯೆನ್ನಾದಲ್ಲಿ ಹುಟ್ಟಿದ ಫ್ರಿಟ್ಸ್ ಲಾಂಗ್ 1927ರಲ್ಲಿ 'ಮೆಟ್ರೊಪೊಲಿಸ್' ಮೂಲಕ ಭವಿಷ್ಯದ ಯಂತ್ರನಗರಿಯನ್ನು ಕಟ್ಟಿ ತೋರಿಸಿದರು. ಇವೆಲ್ಲ ಮೂಕಿ ಚಿತ್ರಗಳಾಗಿದ್ದುದರಿಂದ ನಟನ ತಾಯ್ನುಡಿ ಯಾವುದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ, ನಡುವೆ ಬರುವ ಅಕ್ಷರಫಲಕಗಳನ್ನು ಬದಲಿಸಿದರೆ ಬರ್ಲಿನ್ನಿನ ಚಿತ್ರ ಬ್ಯೂನಸ್ ಐರಿಸ್‌ನಲ್ಲಿಯೂ ಓಡುತ್ತಿತ್ತು.

ವಾಕ್ಚಿತ್ರ ಬಂದು ಈ ಸ್ವಾತಂತ್ರ್ಯವನ್ನು ಕೊನೆಗಾಣಿಸಿತು. ಶ್ರೇಷ್ಠ ನಟನಿಗೆ ನೀಡುವ ಆಸ್ಕರ್ ಪ್ರಶಸ್ತಿಯನ್ನು ಮೊದಲು ಪಡೆದ ಎಮಿಲ್ ಯಾನಿಂಗ್ಸ್ ಅವರ ಇಂಗ್ಲಿಷ್ ಉಚ್ಚಾರಣೆ ಟಾಕಿಗೆ ಒಗ್ಗದೆ ಅವರು ಹಾಲಿವುಡ್ ಬಿಟ್ಟು ಜರ್ಮನಿಗೆ ಮರಳಬೇಕಾಯಿತು. ಮರಳಿದ ಮೇಲೆ ಅವರು ನಟಿಸಿದ 1930ರ 'ನೀಲಿ ದೇವತೆ' ಚಿತ್ರ ಈ ಇಡೀ ಚರಿತ್ರೆಗೆ ಪೀಠಿಕೆಯಂತಿದೆ. ಡಬ್ಬಿಂಗ್ ಇನ್ನೂ ನೆಲೆಗೊಳ್ಳದಿದ್ದ ಕಾರಣ ಅದನ್ನು ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಚಿತ್ರೀಕರಿಸಲಾಯಿತು. ಜೋಸೆಫ್ ಫಾನ್ ಸ್ಟರ್ನ್‌ಬರ್ಗ್ ಅದರ ನಿರ್ದೇಶಕರು, ಮಾರ್ಲೀನ್ ಡೀಟ್ರಿಚ್ ನಾಯಕಿ, ಫ್ರೀಡ್ರಿಕ್ ಹಾಲೆಂಡರ್ ಹಾಡುಗಳ ಸಂಯೋಜಕರು; ಆ ಹಾಡುಗಳನ್ನು ವಾದ್ಯವೃಂದದ ಒಂದೊಂದು ವಾದ್ಯಕ್ಕೂ ಹಂಚಿ ಬರೆಯುವ ಕೆಲಸವನ್ನು ಮಾಡಿದವರು ಫ್ರಾಂಜ್ ವಾಕ್ಸ್‌ಮನ್ ಎಂಬ ತರುಣ; ಮಾಯಾಜಾಲಗಾರನ ಪಾತ್ರದಲ್ಲಿದ್ದವರು ಕುರ್ಟ್ ಗೆರೋನ್. ಒಂದೇ ಸೆಟ್ಟಿನಲ್ಲಿ ಕೂಡಿದ್ದ ಈ ಜನರ ಪೈಕಿ ಡೀಟ್ರಿಚ್ ಅಮೆರಿಕಕ್ಕೆ ಹೋಗಿ 1939ರಲ್ಲಿ ಅಲ್ಲಿನ ಪೌರತ್ವ ಪಡೆದು ಮಿತ್ರರಾಷ್ಟ್ರಗಳ ಸೈನಿಕರಿಗಾಗಿ ಹಾಡಿದರು, ಯಾನಿಂಗ್ಸ್ ಜರ್ಮನಿಯಲ್ಲೇ ಉಳಿದು ನಾತ್ಸಿ ಆಡಳಿತದ ಚಿತ್ರಗಳಲ್ಲಿ ನಟಿಸಿದರು, ಹಾಲೆಂಡರ್ ಮತ್ತು ವಾಕ್ಸ್‌ಮನ್ ದೇಶಭ್ರಷ್ಟರಾದರು, ಗೆರೋನ್ ಯಾತನಾಶಿಬಿರ ಸೇರಿದರು.

1931ರಲ್ಲಿ ಬಂದ ಲಾಂಗ್ ಅವರ 'ಎಂ' ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಮಕ್ಕಳನ್ನು ಕೊಲ್ಲುವ ವ್ಯಕ್ತಿ ತೆರೆಯ ಮೇಲೆ ಕಾಣಿಸುವ ಮೊದಲು ನಾರ್ವೆಯ ಸಂಯೋಜಕ ಗ್ರೀಗ್ ಅವರ ಒಂದು ರಾಗದ ತುಣುಕನ್ನು ಸಿಳ್ಳೆ ಹಾಕುವುದು ಕೇಳಿಸುತ್ತದೆ. ಕೊನೆಗೆ ಬಲೂನು ಮಾರುವ ಕುರುಡನೊಬ್ಬ ಆ ಸಿಳ್ಳೆಯಿಂದಲೇ ಅವನನ್ನು ಗುರುತಿಸುತ್ತಾನೆ. ಒಂದು ಪಾತ್ರಕ್ಕೆ ಅಂಟಿಕೊಂಡು ಮರುಕಳಿಸುವ ಇಂಥ ಸ್ವರಗುಚ್ಛಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಲೀಟ್‌ಮೋಟಿಫ್ ಎಂಬ ಹೆಸರಿದೆ, ಅದನ್ನು ವಾಕ್ಚಿತ್ರದ ಕಥನಕ್ಕೆ ಅಷ್ಟು ಸಮರ್ಥವಾಗಿ ಬಳಸಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಕೊಲೆಗಾರನಾಗಿ ನಟಿಸಿದ ಪೀಟರ್ ಲೋರ್ ಅವರಿಗೆ ಸಿಳ್ಳೆ ಹಾಕಲು ಬಾರದ ಕಾರಣ ತಾವೇ ಸಿಳ್ಳೆ ಹಾಕಿದ್ದಾಗಿ ಲಾಂಗ್ ಹೇಳಿಕೊಂಡಿದ್ದಾರೆ.

1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಎರಡು ತಿಂಗಳು ಕಳೆಯುವುದರೊಳಗೆ ಉಫಾ ತನ್ನ ಯಹೂದಿ ನೌಕರರನ್ನು ತೆಗೆದುಹಾಕಲು ತೀರ್ಮಾನಿಸಿತು. ಜುಲೈನಲ್ಲಿ ಸ್ಥಾಪನೆಯಾದ ಸರ್ಕಾರಿ ಚಲನಚಿತ್ರ ಮಂಡಳಿಯ ಸದಸ್ಯತ್ವವಿಲ್ಲದೆ ಯಾರೂ ಚಿತ್ರರಂಗದಲ್ಲಿ ದುಡಿಯುವಂತಿರಲಿಲ್ಲ, ಯಹೂದಿಗಳಿಗೆ ಆ ಸದಸ್ಯತ್ವ ಸಿಗುತ್ತಿರಲಿಲ್ಲ. ಹೀಗೆ ಹೆಸರು ಮಾಡಿದ ತಂತ್ರಜ್ಞರೂ ತಾರೆಗಳೂ ಕೆಲವೇ ವಾರಗಳಲ್ಲಿ ನಿರುದ್ಯೋಗಿಗಳಾದರು. ಲಾಂಗ್ ಅವರ ಹೊಸ ಚಿತ್ರ ಬಿಡುಗಡೆಗೆ ಮುನ್ನವೇ ನಿಷೇಧಕ್ಕೊಳಗಾಗಿ, ಅವರು ಅದೇ ವರ್ಷ ಪ್ಯಾರಿಸ್ಸಿಗೆ ತೆರಳಿದರು. ವಾಕ್ಸ್‌ಮನ್ ಬರ್ಲಿನ್ನಿನ ಬೀದಿಯಲ್ಲಿ ನಾತ್ಸಿ ಪುಂಡರಿಂದ ಪೆಟ್ಟು ತಿಂದು ಪ್ಯಾರಿಸ್ ಸೇರಿದರು, ಅಲ್ಲಿ ಲಾಂಗ್ ಅವರ 'ಲಿಲಿಯೋಂ' ಚಿತ್ರಕ್ಕೆ ಸಂಗೀತ ನೀಡಿದರು.

ವಲಸೆ ಬಂದ ನಿರ್ದೇಶಕರು ಮೊದಲು ಗೆಲ್ಲಬೇಕಾಗಿದ್ದುದು ಭಾಷೆಯನ್ನು. ಬರ್ಲಿನ್ನಿನಲ್ಲಿ ಚಿತ್ರಕಥೆ ಬರೆಯುತ್ತಿದ್ದ ಬಿಲ್ಲಿ ವೈಲ್ಡರ್ 1934ರಲ್ಲಿ ಹಾಲಿವುಡ್ ತಲುಪಿದಾಗ ಅವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಅಮೆರಿಕದ ಸಹಲೇಖಕರೊಂದಿಗೆ ಕೂತು ಬರೆಯುತ್ತ ಆ ಭಾಷೆಯನ್ನು ಕರಗತ ಮಾಡಿಕೊಂಡ ಅವರು 'ದ ಲಾಸ್ಟ್ ವೀಕೆಂಡ್' ಮತ್ತು 'ದ ಅಪಾರ್ಟ್‌ಮೆಂಟ್' ಚಿತ್ರಗಳಿಗಾಗಿ ಎರಡು ಬಾರಿ ನಿರ್ದೇಶನದ ಆಸ್ಕರ್ ಪಡೆದರು. 1944ರ ಅವರ 'ಡಬಲ್ ಇಂಡೆಮ್ನಿಟಿ'ಯಲ್ಲಿ ಕಿಟಕಿಯ ಪಟ್ಟಿಗಳ ನೆರಳು ಪಾತ್ರಗಳ ಮೈಮೇಲೆ ಜೈಲಿನ ಸರಳುಗಳಂತೆ ಬೀಳುತ್ತದೆ. ಅಪರಾಧ, ಅಪನಂಬಿಕೆ ಮತ್ತು ಕತ್ತಲೆಯನ್ನು ವಸ್ತುವಾಗಿಸಿಕೊಂಡ ಇಂಥ ಅಮೆರಿಕನ್ ಚಿತ್ರಗಳನ್ನು ಫ್ರಾನ್ಸಿನ ವಿಮರ್ಶಕರು ಫಿಲ್ಮ್ ನ್ವಾರ್, ಎಂದರೆ ಕಪ್ಪು ಸಿನಿಮಾ ಎಂದು ಕರೆದರು. ಆ ಕಪ್ಪಿನಲ್ಲಿ ಬರ್ಲಿನ್ನಿನ ಅಭಿವ್ಯಕ್ತಿವಾದದ ನೆರಳು ಸ್ಪಷ್ಟವಾಗಿ ಸೇರಿದೆ.

ಸಂಗೀತಗಾರರಿಗೆ ಈ ಭಾಷೆಯ ತೊಡಕು ಕಡಿಮೆ ಇತ್ತು. ವಿಯೆನ್ನಾದಲ್ಲಿ ಬೆಳೆದ ಎರಿಕ್ ವುಲ್ಫ್‌ಗಾಂಗ್ ಕಾರ್ನ್‌ಗೋಲ್ಡ್ ತಮ್ಮ 23ನೆಯ ವಯಸ್ಸಿನಲ್ಲಿಯೇ 'ಮೃತನಗರಿ' ಎಂಬ ಆಪೆರಾದಿಂದ, ಎಂದರೆ ಆದ್ಯಂತ ಹಾಡಿನಲ್ಲೇ ನಡೆಯುವ ರಂಗಕೃತಿಯಿಂದ, ಪ್ರಖ್ಯಾತರಾಗಿದ್ದರು. 1938ರ ಆರಂಭದಲ್ಲಿ 'ರಾಬಿನ್ ಹುಡ್' ಚಿತ್ರಕ್ಕೆ ಸಂಗೀತ ಮಾಡಲು ಅವರಿಗೆ ಕರೆ ಬಂತು; ಅವರು ಹಾಲಿವುಡ್ಡಿನಲ್ಲಿ ಆ ಕೆಲಸದಲ್ಲಿ ತೊಡಗಿದ್ದಾಗಲೇ, ಮಾರ್ಚ್‌ನಲ್ಲಿ, ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ವಶಪಡಿಸಿಕೊಂಡಿತು. ಆ ಚಿತ್ರ ತಮ್ಮ ಪ್ರಾಣ ಉಳಿಸಿತೆಂದು ಅವರು ಮುಂದೆ ಹೇಳುತ್ತಿದ್ದರು. ಸ್ಟುಡಿಯೋದ ಪ್ರದರ್ಶನ ಕೊಠಡಿಯಲ್ಲಿ ಪಿಯಾನೋದ ಮುಂದೆ ಕುಳಿತು, ರೀಲನ್ನು ಮತ್ತೆ ಮತ್ತೆ ಓಡಿಸಿ ನೋಡುತ್ತ, ಸಂಭಾಷಣೆಯ ಏರಿಳಿತಕ್ಕೆ ತಕ್ಕಂತೆ ನುಡಿಸುತ್ತ ಸಂಯೋಜಿಸುವುದು ಅವರ ಕ್ರಮವಾಗಿತ್ತು. 'ರಾಬಿನ್ ಹುಡ್' ಅವರಿಗೆ ಆಸ್ಕರ್ ತಂದಿತು. ವಾಕ್ಸ್‌ಮನ್ ಅವರು ವೈಲ್ಡರ್ ಅವರ 1950ರ 'ಸನ್‌ಸೆಟ್ ಬುಲೆವಾರ್ಡ್' ಚಿತ್ರಕ್ಕೆ ಅದೇ ಗೌರವ ಪಡೆದರು. ಆದರೂ ಸಂಗೀತಗಾರ ಏನನ್ನೂ ಕಳೆದುಕೊಳ್ಳಲಿಲ್ಲ ಎನ್ನಲಾಗದು: ಯುದ್ಧದ ನಂತರ ಕಾರ್ನ್‌ಗೋಲ್ಡ್ ತಮ್ಮ ಸಿನಿಮಾ ರಾಗಗಳನ್ನೇ ಬಳಸಿ ಬರೆದ ಪಿಟೀಲು ಕಾನ್ಸರ್ಟೊವನ್ನು, ಎಂದರೆ ವಾದ್ಯವೃಂದದ ಜೊತೆ ಪಿಟೀಲು ಪ್ರಧಾನವಾಗಿ ನುಡಿಯುವ ಕೃತಿಯನ್ನು, ಅಂದಿನ ವಿಮರ್ಶಕರು ಹಾಲಿವುಡ್ಡಿನ ಸರಕೆಂದು ಹಗುರವಾಗಿ ಕಂಡರು, ಅದು ವಿಶ್ವದ ಕಛೇರಿಗಳಲ್ಲಿ ನೆಲೆಗೊಂಡದ್ದು ಅವರ ಮರಣಾನಂತರ.

ನಟರ ಪಾಡು ಎಲ್ಲಕ್ಕಿಂತ ಕಠಿಣವಾಗಿತ್ತು. ಲಂಡನ್ನಿನಲ್ಲಿ ಹಿಚ್‌ಕಾಕ್ ಅವರ 1934ರ ಚಿತ್ರದಲ್ಲಿ ನಟಿಸಲು ಒಪ್ಪಿದ ಲೋರ್, ಇಂಗ್ಲಿಷ್ ಅಷ್ಟಾಗಿ ಬಾರದಿದ್ದುದರಿಂದ ಸಂಭಾಷಣೆಯನ್ನು ಬರಿಯ ಧ್ವನಿಯಾಗಿ ಬಾಯಿಪಾಠ ಮಾಡಿ ಒಪ್ಪಿಸಿದರು. ಉಚ್ಚಾರಣೆಯ ಸೊಗಡು ಹೋಗದ ನಟನಿಗೆ ಹಾಲಿವುಡ್ಡಿನಲ್ಲಿ ಗೂಢಚಾರ, ಕಳ್ಳಸಾಗಣೆದಾರ, ಖಳನಾಯಕ ಇಂಥವೇ ಪಾತ್ರಗಳು ಕಾದಿರುತ್ತಿದ್ದವು. ನಾತ್ಸಿಗಳಿಂದ ಓಡಿಬಂದವರು ತೆರೆಯ ಮೇಲೆ ನಾತ್ಸಿಗಳಾಗಿ ನಟಿಸಬೇಕಾಯಿತು. 1942ರ 'ಕಾಸಾಬ್ಲಾಂಕಾ' ಇದಕ್ಕೆ ಶ್ರೇಷ್ಠ ನಿದರ್ಶನ. ಯಹೂದಿ ಪತ್ನಿಯೊಡನೆ ಜರ್ಮನಿ ಬಿಟ್ಟು ಬಂದಿದ್ದ ಕಾನ್ರಾಡ್ ಫೈಟ್ ಅದರಲ್ಲಿ ಜರ್ಮನ್ ಸೇನಾಧಿಕಾರಿ, ಲೋರ್ ಕದ್ದ ಪರವಾನಗಿ ಪತ್ರಗಳ ವ್ಯಾಪಾರಿ. ಝಾನ್ ರೆನ್ವಾರ್ ಅವರ ಮಹತ್ವದ ಫ್ರೆಂಚ್ ಚಿತ್ರಗಳಲ್ಲಿ ಪ್ರಮುಖ ಪಾತ್ರ ವಹಿಸಿದ್ದ ಮಾರ್ಸೆಲ್ ದಾಲಿಯೋ ಅವರಿಗೆ ದಕ್ಕಿದ್ದು ಜೂಜುಕಟ್ಟೆಯ ನೌಕರನ ಪುಟ್ಟ ಪಾತ್ರ. ನಿರ್ದೇಶಕ ಮೈಕೆಲ್ ಕರ್ಟಿಜ್ ಹಂಗೇರಿಯವರು, ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರ್ ವಿಯೆನ್ನಾದವರು. ಇವರಿಬ್ಬರೂ ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ ವಲಸೆ ಬಂದಿದ್ದರು. ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಗಳ ಹಾಡನ್ನು ಮುಳುಗಿಸುವಂತೆ ಎಲ್ಲರೂ ಎದ್ದುನಿಂತು ಫ್ರಾನ್ಸಿನ ರಾಷ್ಟ್ರಗೀತೆ ಹಾಡುವ ದೃಶ್ಯದಲ್ಲಿ, ಪ್ಯಾರಿಸ್ಸಿನಿಂದ ತಪ್ಪಿಸಿಕೊಂಡು ಬಂದಿದ್ದ ನಟಿ ಮದ್ಲೆನ್ ಲೆಬೋ ಅವರ ತೊಯ್ದ ಕೆನ್ನೆಗಳನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ. ಆ ಕಣ್ಣೀರಿನ ಹಿಂದೆ ಸ್ವಂತ ಅನುಭವವಿತ್ತೆಂಬುದನ್ನು ಬಲ್ಲವರಿಗೆ ಆ ದೃಶ್ಯ ಸಿನಿಮಾವಾಗಿ ಮಾತ್ರ ಉಳಿಯುವುದಿಲ್ಲ.

ಪಾರಾಗಲು ಸಾಧ್ಯವಾಗದವರೂ ಇದ್ದರು. ನೆದರ್ಲೆಂಡ್ಸ್‌ಗೆ ಹೋಗಿದ್ದ ಕುರ್ಟ್ ಗೆರೋನ್ ಅಲ್ಲಿ ನಾತ್ಸಿಗಳ ಕೈಗೆ ಸಿಕ್ಕಿ ಟೆರೆಸಿನ್ ಶಿಬಿರಕ್ಕೆ ಸಾಗಿಸಲ್ಪಟ್ಟರು. 1944ರಲ್ಲಿ ಆ ಶಿಬಿರವನ್ನು ಸುಖದ ಊರೆಂಬಂತೆ ತೋರಿಸುವ ಪ್ರಚಾರಚಿತ್ರವನ್ನು ಅವರಿಂದ ಬಲವಂತವಾಗಿ ನಿರ್ದೇಶನ ಮಾಡಿಸಿ, ಬಳಿಕ ಆಶ್ವಿಟ್ಜ್‌ಗೆ ಕಳಿಸಿ ಕೊಲ್ಲಲಾಯಿತು.

ಈ ವಲಸೆಯ ಒಂದು ಕವಲು ಮೈಸೂರು ಸಂಸ್ಥಾನದ ಹುಡುಗನೊಬ್ಬನ ಬದುಕನ್ನು ಕೂಡಿಕೊಂಡಿತು. ಕಾರಾಪುರದ ಕಾಡಿನ ಮಾವುತರ ಮನೆತನದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಅಮೆರಿಕದ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ಅವರ ತಂಡದ ಕಣ್ಣಿಗೆ ಬಿದ್ದು, ಹಂಗೇರಿ ಮೂಲದ ಅಲೆಕ್ಸಾಂಡರ್ ಕೋರ್ಡಾ ಲಂಡನ್ನಿನಲ್ಲಿ ನಿರ್ಮಿಸಿದ 1937ರ 'ಎಲಿಫೆಂಟ್ ಬಾಯ್' ಚಿತ್ರದ ನಾಯಕನಾದರು. ಕೋರ್ಡಾ ಅವರ 'ದ ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ಸಾಬು ಎದುರು ಮಾಂತ್ರಿಕ ಜಾಫರನಾಗಿ ನಿಂತವರು ಕಾನ್ರಾಡ್ ಫೈಟ್, ಸಂಗೀತ ನೀಡಿದವರು ಬುಡಾಪೆಸ್ಟಿನ ಮಿಕ್ಲೋಷ್ ರೋಜಾ. ಯುದ್ಧ ಆರಂಭವಾಗಿ ಇಂಗ್ಲೆಂಡಿನಲ್ಲಿ ಚಿತ್ರೀಕರಣ ಮುಂದುವರಿಸಲಾಗದೆ 1940ರಲ್ಲಿ ತಂಡ ಹಾಲಿವುಡ್ಡಿಗೆ ಸ್ಥಳಾಂತರಗೊಂಡಿತು. ಸಾಬು, ಫೈಟ್, ರೋಜಾ ಮೂವರೂ ಅಲ್ಲಿಯೇ ಉಳಿದರು. ಸಾಬು ಅಮೆರಿಕದ ಪೌರರಾಗಿ ಅಲ್ಲಿನ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಪದಕ ಪಡೆದರೂ, ಆನೆ, ಕಾಡು, ಪೂರ್ವದೇಶದ ಅರಮನೆಗಳಾಚೆಗಿನ ಪಾತ್ರಗಳು ಅವರಿಗೆ ದಕ್ಕಲಿಲ್ಲ. 1963ರಲ್ಲಿ, 39ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಯುರೋಪಿನ ನಟನನ್ನು ಉಚ್ಚಾರಣೆ ಕಟ್ಟಿಹಾಕಿದಂತೆ ಮೈಸೂರಿನ ನಟನನ್ನು ಮೈಬಣ್ಣ ಕಟ್ಟಿಹಾಕಿತು.

ಮುಂಬಯಿಗೂ ಬರ್ಲಿನ್ನಿಗೂ ಇದ್ದ ನಂಟು ಇನ್ನೂ ಹಳೆಯದು. ಉಫಾದಲ್ಲಿ ತರಬೇತಿ ಪಡೆದ ದೇವಿಕಾ ರಾಣಿ ಮತ್ತು ಪತಿ ಹಿಮಾಂಶು ರಾಯ್ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದಾಗ ನಿರ್ದೇಶಕ ಫ್ರಾಂಜ್ ಓಸ್ಟನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಮೊದಲಾದ ಜರ್ಮನರನ್ನು ಕರೆತಂದರು; 1936ರ 'ಅಛೂತ್ ಕನ್ಯಾ' ಈ ಕೂಟದ ಕೃತಿ. ಓಸ್ಟನ್ ನಿರಾಶ್ರಿತರಾಗಿರಲಿಲ್ಲ, ನಾತ್ಸಿ ಪಕ್ಷದ ಸದಸ್ಯರಾಗಿದ್ದರು ಎಂಬುದನ್ನೂ ಇಲ್ಲಿ ಹೇಳಲೇಬೇಕು. 1939ರಲ್ಲಿ ಬ್ರಿಟಿಷ್ ಸರ್ಕಾರ ಈ ಜರ್ಮನರನ್ನು ಶತ್ರುದೇಶೀಯರೆಂದು ಬಂಧಿಸಿತು. ಬಿಡುಗಡೆಯ ನಂತರ ಭಾರತದಲ್ಲೇ ನೆಲೆಸಿದ ವಿರ್ಶಿಂಗ್ 'ಮಹಲ್' ಮತ್ತು 'ಪಾಕೀಜಾ' ಚಿತ್ರಗಳ ಬೆಳಕನ್ನು ರೂಪಿಸಿದರು. ದೇವಿಕಾ ರಾಣಿ 1945ರಲ್ಲಿ ರಷ್ಯಾದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ವಿವಾಹವಾಗಿ ಮುಂದೆ ಬೆಂಗಳೂರಿನ ಬಳಿಯ ತಾತಗುಣಿ ತೋಟದಲ್ಲಿ ನೆಲೆಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯ ಮೊದಲ ಪುರಸ್ಕೃತರು ಅವರೇ.

1934ರಲ್ಲಿಯೇ, ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಮುಂಬಯಿಗೆ ಬಂದಿಳಿದರು. ಆಕಾಶವಾಣಿಯ ಮುಂಬಯಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಅವರೇ, ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಯುವ ಆಕಾಶವಾಣಿಯ ಸಂಕೇತಧ್ವನಿಯನ್ನು ಸಂಯೋಜಿಸಿದವರು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಅದರಲ್ಲಿ ಶಿವರಂಜನಿಯ ಛಾಯೆಯನ್ನು ಗುರುತಿಸಲಾಗಿದೆ. 1946ರಲ್ಲಿ ಭಾರತ ಬಿಟ್ಟ ಕೌಫ್‌ಮನ್ ಕೊನೆಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಉತ್ತರ ಭಾರತದ ರಾಗಗಳನ್ನೂ ದಕ್ಷಿಣ ಭಾರತದ ರಾಗಗಳನ್ನೂ ಕುರಿತು ಎರಡು ಬೃಹತ್ ಗ್ರಂಥಗಳನ್ನು ರಚಿಸಿದರು. ಆಶ್ರಯ ನೀಡಿದ ನಾಡಿನ ವಿದ್ಯೆಯನ್ನು ಕಲಿತು ಜಗತ್ತಿಗೆ ಪರಿಚಯಿಸಿದ ಕೀರ್ತಿ ಅವರದು.

ಯುದ್ಧ ಮುಗಿದ ಮೇಲೂ ಜರ್ಮನಿಯ ಸಿನಿಮಾ ತಾನು ಹೊರದೂಡಿದ ಪ್ರತಿಭೆಯ ಸ್ಥಾನವನ್ನು ತುಂಬಲಾರದೆ ಹೋಯಿತು. ಲೋರ್ 1951ರಲ್ಲಿ ಅಲ್ಲಿಗೆ ಮರಳಿ ಸ್ವತಃ ನಿರ್ದೇಶಿಸಿದ ಒಂದೇ ಚಿತ್ರವನ್ನು ಪ್ರೇಕ್ಷಕರು ಸ್ವೀಕರಿಸಲಿಲ್ಲ. 1962ರಲ್ಲಿ 26 ಮಂದಿ ತರುಣರು ಒಬರ್‌ಹೌಸನ್ ನಗರದಲ್ಲಿ ಹಳೆಯ ಸಿನಿಮಾ ಸತ್ತಿದೆಯೆಂದು ಘೋಷಿಸುವವರೆಗೆ ಹೊಸ ಚೈತನ್ಯ ಕಾಣಿಸಿಕೊಳ್ಳಲು ಕಾಯಬೇಕಾಯಿತು.

ವಲಸೆಯೇ ಕಲೆಯನ್ನು ಬೆಳೆಸುತ್ತದೆ ಎಂಬ ತೀರ್ಮಾನಕ್ಕೆ ಈ ಚರಿತ್ರೆ ಎಡೆಗೊಡುವುದಿಲ್ಲ. ವೈಲ್ಡರ್, ಕಾರ್ನ್‌ಗೋಲ್ಡ್, ಕೌಫ್‌ಮನ್ ಅವರ ಪ್ರತಿಭೆ ಉಳಿದದ್ದು ಅವರ ಕೈಗೆ ಸಕಾಲದಲ್ಲಿ ಒಂದು ಪರವಾನಗಿಯೋ, ಕೆಲಸದ ಕರಾರೋ ಸಿಕ್ಕಿದ್ದರಿಂದ. ಗೆರೋನ್ ಅವರಿಗೆ ಇಲ್ಲದಿದ್ದುದು ಪ್ರತಿಭೆಯಲ್ಲ, ಪಾರಾಗುವ ದಾರಿ. ಆದ್ದರಿಂದ ಸಿನಿಮಾದ ಚರಿತ್ರೆಯನ್ನು ಬರೆಯುವವರು ಆಸ್ಕರ್ ಪಡೆದವರ ಸಾಧನೆಯನ್ನು ಎಷ್ಟು ವಿವರವಾಗಿ ದಾಖಲಿಸುತ್ತಾರೋ, ಗಡಿಯಲ್ಲಿ ತಡೆಯಲ್ಪಟ್ಟವರ ಮುರಿದ ವೃತ್ತಿಜೀವನವನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು. ಕಲಾವಿದನಿಗೆ ಬಾಗಿಲು ತೆರೆಯುವುದು ದೇಶವೊಂದು ತನ್ನ ಸಂಸ್ಕೃತಿಗೆ ಮಾಡಿಕೊಳ್ಳುವ ಉಪಕಾರವೂ ಹೌದು ಎಂಬುದನ್ನು ಆ ಎರಡೂ ದಾಖಲೆಗಳು ಒಟ್ಟಾಗಿ ಸಾರುತ್ತವೆ.