ನಿಶಾನೆ ಆನೆ

ವಿಜಯದಶಮಿಯ ದಿನ ಮೈಸೂರಿಗೆ ಬರಲಾರದವರು ಮನೆಯಲ್ಲಿಯೇ ಕುಳಿತು ಬಾನುಲಿಯಲ್ಲಿ ಜಂಬೂಸವಾರಿಯ ವರ್ಣನೆಯನ್ನು ಕೇಳುವುದುಂಟು. ಅವರಿಗೆ ಬ್ಯಾಂಡಿನ ಧ್ವನಿ ಕೇಳುತ್ತದೆ. ಕುದುರೆಗಳ ಗೊರಸಿನ ಸದ್ದು ಕೇಳುತ್ತದೆ. ಕುಶಾಲತೋಪು ಹಾರಿದರಂತೂ ಎದುರಿಗಿರುವ ಪೆಟ್ಟಿಗೆಯೇ ಬೆಚ್ಚಿಬಿದ್ದಂತಾಗುತ್ತದೆ. ಆದರೆ ಇಡೀ ಮೆರವಣಿಗೆಯ ಮುಂದೆ ಧ್ವಜವನ್ನು ಹೊತ್ತು ನಡೆಯುವ ಆನೆ ಮಾತ್ರ ಕಿವಿಗೆ ಸಿಕ್ಕುವುದಿಲ್ಲ. ಧ್ವಜಕ್ಕೆ ಧ್ವನಿಯಿಲ್ಲ. ವರ್ಣನೆ ಹೇಳುವವರೂ “ಅಗೋ, ನಿಶಾನೆ ಆನೆ ಬಂದಿತು” ಎಂದು ಒಂದು ಮಾತನ್ನಾಡಿ ಅಂಬಾರಿಯ ಕಡೆಗೆ ತಿರುಗಿಬಿಡುತ್ತಾರೆ. ಅವರನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ; ಬೀದಿಯ ಬದಿಯಲ್ಲಿ ನಿಂತು ನೋಡಿದ ಎಷ್ಟೋ ವರ್ಷಗಳಲ್ಲಿ ನಾನೂ ಹಾಗೆಯೇ ಮಾಡಿದವನು. ಅದರ ಪ್ರಾಯಶ್ಚಿತ್ತವಾಗಿ ಈ ಸಂಜೆ ಆ ಮೊದಲನೆಯ ಆನೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇಂಗ್ಲಿಷಿನಲ್ಲಿ ದಂಡಿನ ಬಾವುಟಕ್ಕೆ ‘ಕಲರ್ಸ್’, ಅಂದರೆ ‘ಬಣ್ಣಗಳು’ ಎಂದು ಹೆಸರು. ಮದ್ದಿನ ಹೊಗೆ ಕವಿದ ರಣರಂಗದಲ್ಲಿ ತನ್ನ ಪಡೆ ಎಲ್ಲಿದೆಯೆಂಬುದು ಸಿಪಾಯಿಗೆ ಕಾಣುತ್ತಿದ್ದುದು ಆ ಬಣ್ಣದಿಂದ. ಅದನ್ನು ಕಾಯುವ ಜನ ‘ಕಲರ್ ಗಾರ್ಡ್’ ಎನಿಸಿಕೊಂಡರು. ಇಂದು ಅಮೆರಿಕಾ ದೇಶದ ಶಾಲಾ ಕಾಲೇಜುಗಳಲ್ಲಿ ಬ್ಯಾಂಡಿನ ಜೊತೆಗೆ ಬಾವುಟ ಬೀಸುವ ಹುಡುಗ ಹುಡುಗಿಯರ ತಂಡಕ್ಕೂ ಅದೇ ಹೆಸರು ಉಳಿದಿದೆ. ಆಳೆತ್ತರದ ಕೋಲುಗಳು, ರೇಷ್ಮೆಯಂಥ ಬಟ್ಟೆ, ಎಂದೂ ಗುಂಡು ಹಾರದ ಮರದ ಕೋವಿಗಳು: ಇವು ಅವರ ಸಾಮಗ್ರಿ. ತಮಟೆಯ ಎಣಿಕೆಗೆ ಸರಿಯಾಗಿ ಎಲ್ಲರ ಕೋಲುಗಳೂ ಒಂದೇ ಕ್ಷಣದಲ್ಲಿ ತಿರುಗಬೇಕು. ಇದಕ್ಕಾಗಿ ಅವರು ತಿಂಗಳುಗಟ್ಟಲೆ ಬಯಲಿನಲ್ಲಿ ಬೆವರು ಸುರಿಸುತ್ತಾರಂತೆ.

ನಮ್ಮಲ್ಲಿ ಆ ಕೆಲಸವನ್ನು ಮಾಡತಕ್ಕವರು ಇಬ್ಬರು. ಒಬ್ಬರು ನಂದಿಧ್ವಜದ ಕುಣಿತದವರು. ಐದಾರು ಮೀಟರು ಉದ್ದದ ಬಿದಿರು, ಅದಕ್ಕೆ ಹಿತ್ತಾಳೆಯ ಅಲಂಕಾರ, ತುದಿಯಲ್ಲಿ ಬಾವುಟ. ಇಷ್ಟನ್ನೂ ಮೈಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ವಾದ್ಯದ ಗತಿಗೆ ಹೆಜ್ಜೆ ಹಾಕಬೇಕು. ಅರಮನೆಯ ಬಲರಾಮ ದ್ವಾರದಲ್ಲಿ ಈ ಧ್ವಜಕ್ಕೆ ಪೂಜೆಯಾದ ಹೊರತು ಮೆರವಣಿಗೆ ಹೊರಡುವುದಿಲ್ಲ. ಎರಡನೆಯದು ನಿಶಾನೆ ಆನೆ. ಅದರ ಹಿಂದೆ ನಗಾರಿಯನ್ನು ಹೊತ್ತ ನೌಪತ್ ಆನೆ. ನಿಶಾನೆ, ನೌಪತ್ತು ಎರಡೂ ಪಾರಸಿಯ ಮೂಲಕ ಬಂದ ಮಾತುಗಳು. ದಖ್ಖನದ ದರಬಾರುಗಳಿಂದ ಬಂದು ನಮ್ಮ ಹಬ್ಬದಲ್ಲಿ ಮನೆಯವರೇ ಆಗಿಹೋಗಿವೆ. ಒಂದು ಕಣ್ಣಿಗೆ, ಇನ್ನೊಂದು ಕಿವಿಗೆ. ಬ್ಯಾಂಡು ಮತ್ತು ಬಾವುಟದ ಸಂಬಂಧವನ್ನು ಎರಡು ಆನೆಗಳಲ್ಲಿ ಇಷ್ಟು ಚೊಕ್ಕವಾಗಿ ಹೇಳಿದವರು ಬೇರೆ ಯಾರೂ ಇರಲಾರರು.

ಈ ಆನೆಗಳ ಪಯಣ ಮೊದಲಾಗುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ. ನಾಗರಹೊಳೆಯ ಕಾಡಿಗೆ ಅದು ಒಂದು ಹೆಬ್ಬಾಗಿಲು. 2022ರ ಆಗಸ್ಟ್ 7ರಂದು, 2024ರ ಆಗಸ್ಟ್ 21ರಂದು, 2025ರ ಆಗಸ್ಟ್ 4ರಂದು ಗಜಪಯಣದ ಪೂಜೆ ನಡೆದುದು ಅಲ್ಲಿಯೇ. ಒಂದು ಸಲ ನಾನೂ ಹೋಗಿದ್ದೆ. ತಳಿರು ತೋರಣ, ಗಿರಿಜನರ ಕುಣಿತ, ಮಂತ್ರಿಗಳ ಪುಷ್ಪಾರ್ಚನೆ ಎಲ್ಲವೂ ಕ್ರಮವಾಗಿ ಆದುವು. ಆನೆಗಳು ಒಂದಷ್ಟು ದೂರ ಗಂಭೀರವಾಗಿ ನಡೆದು, ನೋಡುವವರು ಚದರಿದ ಮೇಲೆ ಲಾರಿಗಳನ್ನು ಹತ್ತಿದುವು. ಹಿಂದಿನ ಕಾಲದಲ್ಲಿ ಅವು ಮೈಸೂರಿನವರೆಗೂ ನಡೆದೇ ಬರುತ್ತಿದ್ದುವು. ಲಾರಿಯ ಪಯಣವನ್ನೂ ‘ಗಜಪಯಣ’ವೆಂದೇ ಕರೆಯುವುದರಲ್ಲಿ ನಮ್ಮ ಭಾಷೆಯ ಔದಾರ್ಯ ಕಾಣುತ್ತದೆ.

ಲಾರಿಯ ಪಕ್ಕದಲ್ಲಿ ನಿಂತಿದ್ದ ಮಾವುತನೊಬ್ಬನನ್ನು, “ಯಾವ ಆನೆಗೆ ಕಲಿಸುವುದು ಬಹಳ ಕಷ್ಟವಪ್ಪ? ಅಂಬಾರಿ ಆನೆಗೋ?” ಎಂದು ಕೇಳಿದೆ. “ಅಂಬಾರಿ ಭಾರ ಬೆನ್ನಿಗೆ ಸ್ವಾಮಿ, ನಿಶಾನೆ ಭಾರ ತಲೆಗೆ. ಅದರ ಮುಂದೆ ಇನ್ನೊಂದು ಆನೆ ಇರೋದಿಲ್ಲವಲ್ಲ” ಎಂದ. ನಾನು ಈ ವಿಷಯದಲ್ಲಿ ಓದಿದ ಯಾವ ಪುಸ್ತಕವೂ ಇಷ್ಟು ಹೇಳಿರಲಿಲ್ಲ.

ಆನೆ ಗುಂಪಿನ ಪ್ರಾಣಿ. ಕಾಡಿನಲ್ಲಿ ಅದು ಮತ್ತೊಂದರ ಹಿಂದೆ ನಡೆಯುತ್ತದೆ. ಮುಂದಿನ ಹಿರಿಯಾನೆ ನಿಂತರೆ ನಿಲ್ಲುತ್ತದೆ, ಹೊರಟರೆ ಹೊರಡುತ್ತದೆ. ಅಂಬಾರಿ ಹೊತ್ತ ಆನೆಗೆ ಎಡಬಲದಲ್ಲಿ ಕುಮ್ಕಿ ಆನೆಗಳ ಆಸರೆಯುಂಟು. ಸಾಲಾನೆಗಳಿಗೆ ಒಂದಕ್ಕೊಂದು ಧೈರ್ಯ. ನಿಶಾನೆ ಆನೆಯ ಎದುರಿಗಾದರೋ ಖಾಲಿ ಬೀದಿ, ಎರಡು ಕಡೆಯಲ್ಲಿಯೂ ಜನರ ಗೋಡೆ, ಹಿಂದೆ ತುತ್ತೂರಿ ತಮಟೆಗಳ ಗದ್ದಲ, ತಲೆಯ ಮೇಲೆ ಪಟಪಟನೆ ಬಡಿಯುವ ಬಟ್ಟೆ. ಹಿಂದಿರುವ ಸದ್ದಿನಿಂದ ದೂರ ಓಡಬೇಕೆಂಬುದು ಯಾವ ಪ್ರಾಣಿಗಾದರೂ ಸಹಜ. ಓಡದೆ, ನಿಲ್ಲದೆ, ಸುಮಾರು 5 ಕಿಲೋಮೀಟರು ದೂರದ ಬನ್ನಿಮಂಟಪದವರೆಗೆ ಒಂದೇ ಸಮನೆ ನಡೆಯಬೇಕು. ಅದರ ನಡಿಗೆಯೇ ಮೆರವಣಿಗೆಯ ಕಾಲಮಾನ.

ಇದನ್ನು ಕಲಿಸುವುದು ಹೇಗೆ? ಮೊದಲು ಬರಿಯ ನಡಿಗೆ. ಅರಮನೆಯಿಂದ ಬನ್ನಿಮಂಟಪಕ್ಕೆ ಬೆಳಗ್ಗೆ, ಸಂಜೆ, ದಿನದಿನವೂ. ಬಸ್ಸು, ಮೋಟಾರು, ಹಣ್ಣಿನ ಗಾಡಿ, ಕೂಗುವ ಮಕ್ಕಳು, ಎಲ್ಲದರ ಪರಿಚಯವಾಗಬೇಕು. ಆಮೇಲೆ ಭಾರ. ಬೆನ್ನಿನ ಮೇಲೆ ನಮ್ದಾ ಹಾಸಿ, ಅದರ ಮೇಲೆ ದಪ್ಪನಾದ ಗಾದಿಯನ್ನಿಟ್ಟು, ಹಗ್ಗದಿಂದ ಬಿಗಿದು, ಮೇಲೊಂದು ತೊಟ್ಟಿಲನ್ನು ಕಟ್ಟುತ್ತಾರೆ. ತೊಟ್ಟಿಲಿನಲ್ಲಿ ಮರಳಿನ ಮೂಟೆಗಳು: ಮೊದಲು ಕೆಲವು ನೂರು ಕಿಲೋ, ದಿನಗಳು ಕಳೆದಂತೆ ಹೆಚ್ಚು. ಬಳಿಕ ಮರದ ಅಂಬಾರಿ. ಚಿನ್ನದ ಅಂಬಾರಿಯ ತೂಕವೇ 750 ಕಿಲೋ. ಅದನ್ನು ಹೊರುವ ಆನೆಯೊಂದಕ್ಕೇ ಅಲ್ಲದೆ ಇನ್ನೆರಡಕ್ಕೂ ಅಭ್ಯಾಸ ಮಾಡಿಸಿಡುತ್ತಾರೆ, ಕೊನೆಯ ಗಳಿಗೆಯಲ್ಲಿ ಏನಾದೀತೆಂದು ಯಾರು ಬಲ್ಲರು? ಗಾದಿಯ ಹಗ್ಗ ಒಂದು ಬೆರಳಿನಷ್ಟು ಸರಿದರೂ ಭಾರ ವಾಲುತ್ತದೆ, ಚರ್ಮ ಉಜ್ಜುತ್ತದೆ. ಆದುದರಿಂದ ಕಟ್ಟುವ ಕೆಲಸವನ್ನು ಹಳೆಯ ಕೈಗಳಿಗೇ ಬಿಡುತ್ತಾರೆ. ಊಟದ ವಿಷಯ ಹೇಳಿದರೆ ನಮ್ಮಲ್ಲಿ ಕೆಲವರಿಗೆ ಅಸೂಯೆಯಾದೀತು: ಬೇಯಿಸಿದ ಗೋಧಿ, ಹೆಸರುಕಾಳು, ಉದ್ದು, ಕುಸುಬಲಕ್ಕಿ, ತರಕಾರಿ, ಬೆಣ್ಣೆ, ಹುಲ್ಲಿನಲ್ಲಿ ಬೆಲ್ಲ, ತೆಂಗಿನಕಾಯಿ, ಭತ್ತಗಳನ್ನು ಕಟ್ಟಿದ ಕುಸುರೆ.

ಎಲ್ಲಕ್ಕಿಂತ ಕಠಿಣವಾದುದು ಫಿರಂಗಿಯ ಪಾಠ. ಏಳು ಫಿರಂಗಿಗಳಿಂದ ಮೂರು ಮೂರು ಸಲ, ಒಟ್ಟು 21 ಕುಶಾಲತೋಪು. ವಿಜಯದಶಮಿಯಂದು ಪೊಲೀಸ್ ಬ್ಯಾಂಡು ರಾಷ್ಟ್ರಗೀತೆಯನ್ನು ನುಡಿಸುವಾಗಲೇ ಇವು ಹಾರಬೇಕು. ಇದಕ್ಕಾಗಿ ಆನೆಗಳನ್ನೂ ಕುದುರೆಗಳನ್ನೂ ಬಯಲಿಗೆ ಕರೆತಂದು, ಸಾಲಾಗಿ ನಿಲ್ಲಿಸಿ, ಸದ್ದನ್ನು ಕೇಳಿಸುತ್ತಾರೆ. ನಮ್ಮ ಕಿವಿಗೆ ನಿಲುಕದ ತಗ್ಗಿನ ಸ್ವರಗಳೂ ಆನೆಗೆ ಕೇಳುತ್ತವೆ. ನೆಲದ ಅದುರನ್ನು ಅದು ಅಂಗಾಲಿನಿಂದಲೇ ತಿಳಿಯುತ್ತದೆ. ನಮಗೆ ಒಂದು ಸಲ ಕೇಳುವ ಫಿರಂಗಿ ಅದಕ್ಕೆ ಎರಡು ದಾರಿಯಿಂದ ಬರುತ್ತದೆಯೆಂದರೆ ತಪ್ಪಾಗಲಾರದು. ಹೊಸ ಆನೆ ಹಿಂದಕ್ಕೆ ಜಗ್ಗುತ್ತದೆ, ತಿರುಗುತ್ತದೆ, ಘೀಳಿಡುತ್ತದೆ. ಮಾವುತನು ಆ ಹೊತ್ತಿನಲ್ಲಿ ಗದರಿಸುವುದಕ್ಕಿಂತ ಮಾತನಾಡಿಸುವುದೇ ಹೆಚ್ಚು. ಹಳೆಯ ಆನೆ ಪಕ್ಕದಲ್ಲಿ ನಿಂತು ಸೊಂಡಿಲಿನಿಂದ ಮಣ್ಣು ಎರಚಿಕೊಳ್ಳುತ್ತಿರುತ್ತದೆ. ಹೊಸದು ಕಲಿಯುವುದು ಬಹುಮಟ್ಟಿಗೆ ಅದನ್ನು ನೋಡಿ.

ಹೀಗಿರುವುದರಿಂದ ನಿಶಾನೆಯನ್ನು ಎಳೆಯದಕ್ಕೆ ಕೊಡುವುದಿಲ್ಲ. 1999ರಿಂದ 2011ರವರೆಗೆ ಅಂಬಾರಿಯನ್ನು ಹೊತ್ತ ಬಲರಾಮ ಆ ಹೊಣೆಯಿಂದ ಇಳಿದ ಮೇಲೆ ನಿಶಾನೆ ಆನೆಯಾದ. ಅವನ ತರುವಾಯ 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನನೂ, ಅರವತ್ತು ತುಂಬಿ ಭಾರವನ್ನು ಇಳಿಸಿದ ಮೇಲೆ, ಹಾಗೆಯೇ ಮುಂದೆ ನಡೆದ. ಇದನ್ನು ಪದಚ್ಯುತಿಯೆಂದು ಮರುಗಿದವರುಂಟು. ನನಗೆ ಹಾಗೆ ತೋರುವುದಿಲ್ಲ. ಬೆನ್ನು ದಣಿಯಿತು, ಬುದ್ಧಿ ದಣಿದಿರಲಿಲ್ಲ.

ಆದರೆ ಇಷ್ಟು ಕಲಿತ ಪ್ರಾಣಿಯೂ ಪ್ರಾಣಿಯೇ. 2024ರ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಅರಮನೆಯ ಆವರಣದಲ್ಲಿ ಧನಂಜಯನೆಂಬ ಆನೆ ಕಂಜನ್ ಎಂಬ ಆನೆಯನ್ನು ಅಟ್ಟಿಸಿಕೊಂಡು ಹೋಯಿತು; ಎರಡೂ ಬಾಗಿಲನ್ನು ದಾಟಿ ಬೀದಿಗೆ ಬಂದುವು. ಪುಣ್ಯವಶಾತ್ ಯಾರಿಗೂ ಅಪಾಯವಾಗಲಿಲ್ಲ. ಮೂರು ವಾರಗಳ ಮೇಲೆ, ಅಕ್ಟೋಬರ್ 12ರಂದು, ಅದೇ ಧನಂಜಯ ನಿಶಾನೆಯನ್ನು ಹೊತ್ತು ಅದೇ ನಗರದ ಲಕ್ಷ ಜನರ ನಡುವೆ ಶಾಂತವಾಗಿ ನಡೆದುಹೋಯಿತು. ನೋಡಿದವರು ಚಪ್ಪಾಳೆ ತಟ್ಟಿದರು. ನನಗಾದರೋ ಆ ಮೂರು ವಾರಗಳಲ್ಲಿ ಅದರ ಮಾವುತನು ಎಷ್ಟು ರಾತ್ರಿ ನಿದ್ದೆ ಮಾಡಿದನೋ ಎಂಬ ಯೋಚನೆ. ಆನೆಯ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಕಿವಿಯ ಹಿಂದೆ ಕಾಲ್ಬೆರಳನ್ನೊತ್ತಿ ಅದನ್ನು ನಡೆಸುವವನು, ಕೆಳಗೆ ನಿಂತು ಸೊಪ್ಪು ನೀರು ನೋಡಿಕೊಳ್ಳುವ ಕಾವಾಡಿ, ಅರಮನೆಯ ಆವರಣದಲ್ಲಿ ಡೇರೆ ಹಾಕಿಕೊಂಡು ತಿಂಗಳುಗಟ್ಟಲೆ ಕಳೆಯುವ ಅವರ ಹೆಂಡಿರು ಮಕ್ಕಳು, ಇವರ ವಿಷಯ ಅಪರೂಪ. ಮಕ್ಕಳಿಗೆ ಅಲ್ಲಿಯೇ ತಾತ್ಕಾಲಿಕ ಪಾಠಶಾಲೆಯನ್ನು ನಡೆಸುತ್ತಾರೆಂಬುದು ಸಮಾಧಾನದ ಸಂಗತಿ. ಹಬ್ಬ ಮುಗಿದ ಮೇಲೆ ಆ ಮಕ್ಕಳ ಪಾಠ ಏನಾಗುತ್ತದೆಯೆಂದು ವಿಚಾರಿಸುವವರೂ ಇರಬೇಕು.

ಇನ್ನೊಂದು ಮಾತು. ದಸರೆಯ ಆನೆಗಳಿಗೆ ವರ್ಷದ ಉಳಿದ ತಿಂಗಳುಗಳಲ್ಲಿ ಬೇರೆ ಕೆಲಸವುಂಟು. ಊರಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯುವಾಗ ಎದುರು ನಿಲ್ಲುವವು ಇವೇ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಸೀಮೆಯಲ್ಲಿ ಅಂಥ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಹೋರಾಡಿ ಅರ್ಜುನ ಮಡಿದ. ಅರವತ್ತಾಯಿತೆಂದು ಅಂಬಾರಿಯನ್ನು ಇಳಿಸಿದೆವು, ಕಾದಾಟವನ್ನು ಇಳಿಸಲಿಲ್ಲ. ಇದರ ನ್ಯಾಯಾನ್ಯಾಯವನ್ನು ನಾನು ಬಲ್ಲವನಂತೆ ಮಾತನಾಡಲಾರೆ. ಆದರೆ ಮುಂದಿನ ಆನೆ ಬೀದಿಯಲ್ಲಿ ಕಂಡಾಗಲೆಲ್ಲ ಆ ದಿನ ನೆನಪಿಗೆ ಬರುತ್ತದೆ.

ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಆರಂಭವಾಗುವ ವೇಳೆಗೆ ನಿಶಾನೆ ಆನೆಯ ಕೆಲಸ ಮುಗಿದಿರುತ್ತದೆ. ಜೂಲನ್ನು ಬಿಚ್ಚುತ್ತಾರೆ, ಗಾದಿಯ ಹಗ್ಗವನ್ನು ಸಡಿಲಿಸುತ್ತಾರೆ. ಮೈಮೇಲಿನ ಚಿತ್ತಾರ ಮಾತ್ರ ಇನ್ನೂ ಕೆಲವು ದಿನ ಉಳಿದಿರುತ್ತದೆ. ಅದು ಮಾಸುವ ಮೊದಲೇ ಲಾರಿ ಹತ್ತಿ ಕಾಡಿನ ಶಿಬಿರಕ್ಕೆ ಹಿಂದಿರುಗುತ್ತವೆ. ವೀರನಹೊಸಹಳ್ಳಿಯಲ್ಲಿ ನನ್ನೊಡನೆ ಮಾತನಾಡಿದ ಆ ಮಾವುತನನ್ನು ಹೊರಡುವಾಗ ಕೇಳಿದ್ದೆ: “ಕಾಡಿಗೆ ಬಂದ ಮೇಲೆ ಈ ಪಾಠವೆಲ್ಲ ನೆನಪಿರುತ್ತದೆಯೆ?” ಅವನು ನಕ್ಕ. “ನೆನಪಿರುತ್ತೆ ಸ್ವಾಮಿ. ಒಂದೆರಡು ದಿನ ಮೇಯೋಕೆ ಹೋಗುವಾಗಲೂ ತಾನೇ ಮುಂದೆ ಹೋಗಬೇಕು ಅನ್ನುತ್ತೆ. ಆಮೇಲೆ ಹಿರೀ ಹೆಣ್ಣಾನೆ ಒಂದು ಸಲ ತಳ್ಳುತ್ತೆ; ಹಿಂದಕ್ಕೆ ಬರುತ್ತೆ.”